ಡ್ರಮ್ಮಿನೊಳಗಿನ ಒಂದೂವರೆ ದಿನ

ಚಪ್ಪಲಿ ಮೆಟ್ಟಿದವನು ಮತ್ತೆ ಬಿಚ್ಚಿ ಒಳಗೆ ಹೋದದ್ದು ಇದು ಮೂರನೆಯ ಸಲ. ಚೀಲದಲ್ಲಿ ಸಿರಿಂಜು ಇತ್ತು, ಗಾಜಿನ ಪಟ್ಟಿಗಳ ಡಬ್ಬಿ ಇತ್ತು, ಸ್ಪಿರಿಟ್ಟಿನ ಬಾಟಲಿಯ ಬಿರಡೆ ಬಿಗಿಯಾಗಿಯೇ ಇತ್ತು. ಎಲ್ಲ ಇದೆ ಅಂತ ಗೊತ್ತಿದ್ದೂ ವಾಸುದೇವ ಮತ್ತೆ ಮತ್ತೆ ಚೀಲದ ಬಾಯಿ ಬಿಡಿಸಿ ನೋಡುತ್ತಿದ್ದ. ಒಂಬತ್ತು ಗಂಟೆಗೇ ಶಹಾಬಾದಿನ ಬಿಸಿಲು ಅಂಗಳದ ಫರಸಿ ಕಲ್ಲನ್ನು ಕಾಯಿಸಿ ಇಟ್ಟಿತ್ತು. ವೈಶಾಖದ ಏಕಾದಶಿ. ನಿನ್ನೆ ಸಂಜೆಯ ಫಲಾಹಾರದ ಮೇಲೆ ಬಾಯಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ದೇವರ ಮನೆಯಿಂದ ಅಮ್ಮ ಲೀಲಾಬಾಯಿ, ಜಪದ ಮಣಿಯನ್ನು ಅಲ್ಲಿಗೇ ಹಿಡಿದು, "ಏನಾಗ್ಯದೋ ವಾಸು ನಿನಗ? ಒಳಗ ಹೊರಗ, ಒಳಗ ಹೊರಗ" ಎಂದರು. "ಏನಿಲ್ಲಮ್ಮ." "ಬಿಸಿಲು ಭಾಳ ಅದ. ಆ ಚೀಲ ಯಾಕ ಇವತ್ತ?" "ತಹಶೀಲ್ದಾರರು ತೋರಸು ಅಂದಾರ, ಅದಕ್ಕ. ಮೀನ ಮುಟ್ಟೂದಿಲ್ಲ." ಮುಟ್ಟುತ್ತೀಯಾ ಅಂತ ಅವರು ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಮಣಿ ಮತ್ತೆ ಸರಿಯತೊಡಗಿದ ಸಪ್ಪಳ ಕೇಳಿದ ಮೇಲೆಯೇ ಹೊರಬಿದ್ದ.

ಹೋಗಬೇಕಾದದ್ದು ಬಹಳ ದೂರವೇನಲ್ಲ, ವಾಡಿ ರಸ್ತೆಯಲ್ಲಿ ಎರಡು ಮೈಲಿ. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆನೀರು ನಿಂತು ಹೊಂಡಗಳಾಗಿ ಎಷ್ಟೋ ವರ್ಷವಾಯಿತು. ಅವುಗಳಲ್ಲಿ ದೊಡ್ಡದನ್ನು ಕಾಗಿಣಾ ಹೊಳೆಯ ದಂಡೆಯಿಂದ ಬಂದ ಇಪ್ಪತ್ತು ಮನೆಯವರು ಮೀನು ಸಾಕಲು ಸರಕಾರದಿಂದ ಪಟ್ಟಾ ಹಿಡಿದಿದ್ದರು. ಅವರ ಮುಂದಾಳು ಸಾಯಬಣ್ಣ. ಖಣಿಯ ಮೇಲ್ಗಡೆಯೇ ನಂದಕಿಶೋರ್ ಸೇಠನ ಫರಸಿ ಪಾಲಿಶ್ ಮಾಡುವ ಶೆಡ್ಡು. ಕಲ್ಲು ಉಜ್ಜಿ ತೊಳೆದ ಬೂದು ರಾಡಿ ಒಂದು ಗಟಾರ ಹಿಡಿದು ಸೀದಾ ಖಣಿಗೆ ಬೀಳುತ್ತಿತ್ತು. ಕಳೆದ ಚಳಿಗಾಲದಲ್ಲಿ ಮೀನಿನ ಮೈಮೇಲೆ ರೂಪಾಯಿ ಅಗಲದ ಕೆಂಪು ಹುಣ್ಣು ಎದ್ದು, ದಿನಾ ನೂರಾರು ಸತ್ತು ತೇಲಿದವು. ರಾಡಿಯಿಂದ ಅಂತ ಸಾಯಬಣ್ಣ, ಅತಿಯಾಸೆಗೆ ಸಿಕ್ಕಾಪಟ್ಟೆ ಮರಿ ಬಿಟ್ಟದ್ದರಿಂದ ಅಂತ ಸೇಠ. ಸರಿ, ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್ ಒಬ್ಬನಿದ್ದಾನಲ್ಲ, ಅವನೇ ಹೇಳಲಿ ಎಂದಾಯಿತು. ಅವನು ಹೇಳಿದ. ರಾಡಿ ನೀರಿನಿಂದ ಮೀನಿನ ರೋಗ ತಡೆಯುವ ಶಕ್ತಿ ಕುಂದಿದೆ ಎನ್ನಲು ಆಧಾರವಿಲ್ಲ, ಮಿತಿಮೀರಿ ಮರಿ ಬಿಟ್ಟದ್ದು ಕಾರಣವಿರಬಹುದು ಎಂದು ಬರೆದು ಸಹಿ ಹಾಕಿದ. ಚಿತ್ತಾಪುರದ ತಹಶೀಲ್ ಕಚೇರಿಯಲ್ಲಿ ಆ 'ಇರಬಹುದು' ಯಾವಾಗ ಉದುರಿಹೋಯಿತೋ ಯಾರಿಗೆ ಗೊತ್ತು! ಇವತ್ತು ತಹಶೀಲ್ದಾರರ ಪಂಚನಾಮೆ. 'ಇದು ನನ್ನದೇ ವರದಿ' ಅಂತ ವಾಸುದೇವ ಇನ್ನೊಂದು ಸಲ ಸಹಿ ಮಾಡಿದರೆ ಪಟ್ಟಾ ರದ್ದು, ಖಣಿ ಸೇಠನ ರಾಡಿಯ ಗುಂಡಿ, ಇಪ್ಪತ್ತು ಮನೆಯವರು ಬಲೆ ಮಡಚಿ ಎಲ್ಲಿಗಾದರೂ ಹೋಗಬೇಕು. ಮತ್ತು ಆ ವರದಿ ತಪ್ಪು. ತಪ್ಪು ಅನ್ನುವುದು ಇಡೀ ಲೋಕದಲ್ಲಿ ಇಬ್ಬರಿಗೆ ಗೊತ್ತು, ತನಗೆ ಮತ್ತು ಸಾಯಬಣ್ಣನಿಗೆ ಎಂದುಕೊಂಡಿದ್ದ.

ರಸ್ತೆಯ ಎರಡೂ ಬದಿಗೆ ಒಡೆದ ಫರಸಿಯ ರಾಶಿಗಳು. ಮೊದಲ ಸಲ ಸಾಯಬಣ್ಣ ಕಾಲೇಜಿಗೆ ಬಂದಾಗ ಸ್ಟೀಲಿನ ತಾಟಿನಲ್ಲಿ ಮುತ್ತಲ ಎಲೆ ಮುಚ್ಚಿ ಎರಡು ಮೀನು ತಂದಿದ್ದ, ಯಾರದೋ ಮನೆಗೆ ಹಬ್ಬದ ಫರಾಳ ಕೊಡಲು ಬಂದವನ ಹಾಗೆ. ಐವತ್ತೈದು ದಾಟಿದ ಒಣ ಮೈ, ಹೆಗಲ ಮೇಲೆ ಟವೆಲ್ಲು. "ಸರ್, ಹುಣ್ಣ ನೋಡ್ರಿ. ಹುಣ್ಣು ಆಮ್ಯಾಲ ಬರ್ತದ್ರಿ, ಮದಲ ಮೀನಕ್ಕ ಅಂಜಿಕಿ ಹೊಗತದ. ಅಂಜಿದ ಮೀನು ಲೋಳಿ ಬಿಡ್ತದ, ಲೋಳಿ ಹೋತಂದ್ರ ಮೈಯಾಗ ಯಾವ ಜಡ್ಡು ಬೇಕಾದ್ರ ಹೊಗಬಹುದು." ವಾಸುದೇವ ಅವತ್ತು ಹುಡುಗರೆದುರು ನಕ್ಕಿದ್ದ. ನಗಬಾರದಿತ್ತು. ಪುಸ್ತಕದಲ್ಲಿ ಇದ್ದದ್ದೂ ಅದೇ ಮಾತಲ್ಲವೆ? ನೀರು ಕೆಟ್ಟರೆ, ಗಾಳಿ ಸಾಲದೆ ಹೋದರೆ ಮೀನಿನ ಮೈಯಲ್ಲಿ ಗಾಬರಿಯ ರಸ ಏರುತ್ತದೆ, ರಕ್ತದೊಳಗಿನ ಬಿಳಿ ಕಣ ಇಳಿಯುತ್ತವೆ, ಕಾಯುವವರಿಲ್ಲದ ಮೈಗೆ ಬೂಜು ಹಿಡಿಯುತ್ತದೆ. ಹೀಗಾಗಿಯೇ ಬಿಳಿ ಕಣ ಎಣಿಸಬೇಕು, ರಾಡಿ ನೀರಿನ ಮೀನಿಗೂ ಒಳ್ಳೆ ನೀರಿನ ಮೀನಿಗೂ ಹೋಲಿಸಬೇಕು ಎಂದು ಇವನೇ ಗತ್ತಿನಿಂದ ವಿವರಿಸಿದ್ದ. "ಒಳ್ಳೆ ನೀರಂದ್ರ ಆ ಕಡಿ ಸಣ್ಣ ಖಣಿ ಅದಲ್ರಿ, ನನ್ನ ಹೆಣ್ತಿ ಹೀರಾಬಾಯಿ ನೋಡ್ಕೊಳ್ಳೂದು. ಅಲ್ಲೂ ಅವೇ ಮರಿ ಬಿಟ್ಟೀವಿ, ಅಲ್ಲಿಗಿ ರಾಡಿ ಹೋಗಂಗಿಲ್ಲ" ಅಂದಿದ್ದ ಸಾಯಬಣ್ಣ. ಕೂಗಳತೆಯ ದೂರದಲ್ಲಿತ್ತು. ಆದರೆ ವರದಿಯಲ್ಲಿ 'ಹೀರಾಬಾಯಿಯ ಖಣಿ' ಎಂದು ಬರೆದರೆ ಹೇಗೆ ಕಾಣುತ್ತದೆ? ಚಿಂಚೋಳಿಯ ಕಾಡಂಚಿನ ಕೆರೆ, ಸಿಮೆಂಟಿನ ಧೂಳು ಸೋಂಕದ ನೀರು ಎಂದು ಬರೆದರೆ ಅದರ ತೂಕವೇ ಬೇರೆ. ಮಣ್ಣು ಮುಕ್ಕಲಿ ಆ ತೂಕ.

ಜನವರಿಯ ದಶಮಿ ಅದು. ಚಿಂಚೋಳಿಯಲ್ಲಿ ಬೆಳಿಗ್ಗೆ ಹಿಡಿದ ಆರು ರೋಹು ಮೀನುಗಳನ್ನು ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ಬಸ್ಸಿನ ಹಿಂದಿನ ಗಾಲಿಯ ಮೇಲಿನ ಸೀಟಿಗೆ ಇಟ್ಟುಕೊಂಡು ಸಾಯಬಣ್ಣ ಅದನ್ನು ತಬ್ಬಿ ಕುಳಿತಿದ್ದ. ರಸ್ತೆ ಕುಕ್ಕಿದಾಗಲೆಲ್ಲ ನೀರು ತುಳುಕಿ ಅವನ ಧೋತರ ತೊಯ್ಯುತ್ತಿತ್ತು, ಕಂಡಕ್ಟರ್ ಬೈಯುತ್ತಿದ್ದ. ವಾಸುದೇವ ಮುಂದಿನ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ತನಗೂ ಆ ಡ್ರಮ್ಮಿಗೂ ಸಂಬಂಧವೇ ಇಲ್ಲದವನ ಹಾಗೆ ಕುಳಿತಿದ್ದ, ಸುಲೇಪೇಟದಲ್ಲಿ ಪರಿಚಯದ ಮಾಸ್ತರರೊಬ್ಬರು ಹತ್ತಿದ್ದರು ಅಂತ. ಶಹಾಬಾದ್ ಮುಟ್ಟುವಾಗ ಹೊತ್ತು ಮುಳುಗಿತ್ತು. ಪ್ರಯೋಗಾಲಯದ ಕೀಲಿ ಜವಾನ ಅಮೀರ್ ಅಲಿಯ ಹತ್ತಿರ, ಅವನು ವಾಡಿಗೆ ಹೋಗಿದ್ದ. ಹೇಳಿ ಕಳಿಸಬಹುದಿತ್ತು. ದಣಿವಾಗಿತ್ತು, ನಾಳೆ ನೋಡಿದರಾಯಿತು ಎಂದ. ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ಸ್ನಾನಕ್ಕೆ ಕುಳಿತಾಗ ಅಮ್ಮ ನೀರು ಹಾಕುತ್ತ, "ನಾಳೆ ಏಕಾದಶಿ, ನೆನಪದ ಅಲ್ಲೋ?" ಎಂದರು.

ಆ ಮಾತಿಗೆ ಹದಿನಾಲ್ಕು ವರ್ಷದ ಹಿಂದಿನ ಕರಾರು ಇತ್ತು. ರಸಾಯನಶಾಸ್ತ್ರದ ಸೀಟು ಸಿಗದೆ ಪ್ರಾಣಿಶಾಸ್ತ್ರ ಸಿಕ್ಕಾಗ ಅಪ್ಪ ಪವಮಾನಾಚಾರ್ಯರು ಎಂಟು ದಿನ ಮಾತು ಬಿಟ್ಟಿದ್ದರು. ನಡುವೆ ನಿಂತವರು ಅಮ್ಮ. ಕಪ್ಪೆ ಕೊಯ್ಯಲಿ, ಮೀನು ಕೊಯ್ಯಲಿ, ಹೊಟ್ಟೆಪಾಡು; ಬಂದವನು ಹಿತ್ತಲ ಬಾಗಿಲಿನಿಂದ ಬಂದು ಮಿಂದು ಒಳಗೆ ಬರಲಿ, ಏಕಾದಶಿಗೆ ಮಾತ್ರ ಕೈ ರಕ್ತ ಆಗಬಾರದು, ಅಷ್ಟಾದರೂ ಉಳಿಸಿಕೊಳ್ಳಲಿ. ವಾಸುದೇವ ಉಳಿಸಿಕೊಂಡಿದ್ದ. ಸಂಧ್ಯಾವಂದನೆ ಬಿಟ್ಟ, ಹೋಟೆಲಿನಲ್ಲಿ ಉಂಡ, ಅಪ್ಪ ತೀರಿಕೊಂಡ ಮೇಲೆ ಪಂಚಾಂಗ ತೆರೆದು ನೋಡುವುದನ್ನೂ ಬಿಟ್ಟ, ತಿಥಿ ಅಮ್ಮನೇ ಹೇಳಬೇಕು. ಆದರೆ ಈ ಒಂದನ್ನು ಬಿಟ್ಟಿರಲಿಲ್ಲ. ಅದರಲ್ಲಿ ನಂಬಿಕೆ ಇತ್ತೇ ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದ. ಮುರಿಯದೆ ಉಳಿದದ್ದು ಅದೊಂದೇ, ಅದಕ್ಕೇ ಬಿಗಿಯಾಗಿ ಹಿಡಿದಿದ್ದ.

ಮರುದಿನ ಹನ್ನೊಂದಕ್ಕೆ ಕಾಲೇಜಿಗೆ ಹೋದರೆ ಸಾಯಬಣ್ಣ ವರಾಂಡದಲ್ಲಿ ಡ್ರಮ್ಮಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮೊಣಕೈವರೆಗೆ ಕೈ ಇಳಿಸಿ ನೀರು ತಿರುವುತ್ತಿದ್ದ, ನೀರಿಗೆ ಗಾಳಿ ಸಿಗಲಿ ಅಂತ. ರಾತ್ರಿಯೆಲ್ಲ ಅಲ್ಲೇ ಇದ್ದನಂತೆ. ಒಂದು ಮೀನು ಹೊಟ್ಟೆ ಮೇಲಾಗಿ ಹೊರಳುತ್ತಿತ್ತು. "ಸರ್, ಇವತ್ತೇ ಮುಗಸ್ರಿ. ಅಂಜ್ಯಾವ. ಲೋಳಿ ಬಿಡಾಕತ್ತಾವ ನೋಡ್ರಿ, ನೀರೆಲ್ಲ ಅಂಟಂಟು ಆಗ್ಯದ." "ಇವತ್ತು ಏಕಾದಶಿ ಸಾಯಬಣ್ಣ. ನಾ ಮುಟ್ಟೂ ಹಂಗಿಲ್ಲ. ನಾಳೆ ಬೆಳಿಗ್ಗೆ." ಸಾಯಬಣ್ಣ ಕೈ ಮೇಲೆತ್ತಿದ. ಬೆರಳುಗಳು ನೆನೆದು ಬಿಳಿಚಿ ಸುಕ್ಕಾಗಿದ್ದವು. ಆ ತೊಯ್ದ ಕೈಗಳನ್ನೇ ಜೋಡಿಸಿ, "ಹಂಗಿದ್ರ ಬ್ಯಾಡ್ರಿ, ಬ್ಯಾಡ. ದೇವ್ರ ಕೆಲಸಕ್ಕ ಅಡ್ಡ ಬರಬಾರ್ದು" ಅಂದು ಮತ್ತೆ ನೀರಿಗೆ ಕೈ ಹಾಕಿದ. ದ್ವಾದಶಿಯ ಪಾರಣೆ ಮುಗಿಸಿ ಹೊಟ್ಟೆ ತುಂಬಿಸಿಕೊಂಡು ವಾಸುದೇವ ಹೋದಾಗ ಎರಡು ಸತ್ತಿದ್ದವು. ಉಳಿದ ನಾಲ್ಕನ್ನು ಒಣ ಬಟ್ಟೆಯಲ್ಲಿ ಒತ್ತಿ ಹಿಡಿದು ರಕ್ತ ತೆಗೆದ, ಅವೂ ಸಂಜೆಯೊಳಗೆ ಸತ್ತವು. ಎಣಿಸಿದರೆ ಬಿಳಿ ಕಣಗಳು ಖಣಿಯ ಮೀನಿನಲ್ಲಿ ಎಷ್ಟೋ ಚಿಂಚೋಳಿಯ ಮೀನಿನಲ್ಲೂ ಅಷ್ಟೇ. ವ್ಯತ್ಯಾಸವಿಲ್ಲ ಅಂತ ಬರೆದ. ಮಾರ್ಚಿನಲ್ಲಿ ಕ್ಲಾಸಿನಲ್ಲಿ ತನ್ನದೇ ಹಳೆಯ ನೋಟ್ಸು ಓದುತ್ತಿದ್ದಾಗ, ಹಿಡಿದ ಮೀನನ್ನು ಇಕ್ಕಟ್ಟಿನಲ್ಲಿ ಇಟ್ಟರೆ ಕೆಲವೇ ತಾಸುಗಳಲ್ಲಿ ಬಿಳಿ ಕಣ ಇಳಿಯುತ್ತವೆ ಎಂಬ ಸಾಲಿಗೆ ಬಂದು ನೋಟ್ಸು ಮಡಚಿಟ್ಟ. ಆಗ ತಿಳಿಯಿತು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಸುಳ್ಳು. ಎಣಿಸುವಾಗಲೇ ತಿಳಿದಿತ್ತು.

ಖಣಿಯ ದಂಡೆಯ ಬೇವಿನ ಕೆಳಗೆ ಮೇಜು ಹಾಕಿದ್ದರು. ತಹಶೀಲ್ದಾರ್ ಜಿಲಾನಿ ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು, ಪಕ್ಕದಲ್ಲಿ ಗುಮಾಸ್ತ ಕಾಗದ ಹರಡಿದ್ದ, ನಂದಕಿಶೋರ್ ಸೇಠ ತನ್ನ ಶೆಡ್ಡಿನಿಂದಲೇ ತರಿಸಿದ ಮೆತ್ತೆಯ ಕುರ್ಚಿಯಲ್ಲಿ. ಇಪ್ಪತ್ತು ಮನೆಯವರು ಬಿಸಿಲಿನಲ್ಲೇ ನಿಂತಿದ್ದರು, ಮುಂದೆ ಸಾಯಬಣ್ಣ, ಅವನ ಹಿಂದೆ ತಲೆ ತುಂಬ ಸೆರಗು ಹೊದ್ದ ಹೀರಾಬಾಯಿ. "ಬರ್ರಿ ಪ್ರೊಫೆಸರ್ ಸಾಹೇಬ್ರ, ಕುಂದ್ರಿ. ನೀರು ಕುಡೀತೀರಿ?" ಎಂದರು ಜಿಲಾನಿ ಸಾಹೇಬರು. ತಣ್ಣನೆಯ ಗ್ಲಾಸು ಮುಂದೆ ಬಂತು, ಹೊರಮೈಯಲ್ಲಿ ಹನಿ ಕಟ್ಟಿತ್ತು. "ಬ್ಯಾಡ್ರಿ." "ಯಾಕ್ರಿ, ಇಂಥ ಧೂಪಿನಾಗ?" "ಉಪವಾಸ ಅದ." ಹೇಳಿದ್ದೇ ತಡ, ಅವನ ಕಣ್ಣು ತಾನಾಗಿ ಸಾಯಬಣ್ಣನ ಕಡೆ ಹೋಯಿತು. ಸಾಯಬಣ್ಣ ನೆಲ ನೋಡುತ್ತಿದ್ದ. ಈಗ ಹೇಳುತ್ತಾನೆ, ಹೇಳದೆ ಇರುತ್ತಾನೆಯೇ, ನಾನಾಗಿದ್ದರೆ ಬಿಡುತ್ತಿದ್ದೆನೇ? ಮೂರು ತಿಂಗಳಿನಿಂದ ಎದುರು ಸಿಕ್ಕಾಗಲೆಲ್ಲ ಈ ಮನುಷ್ಯ "ಶರಣ್ರಿ ಸರ್" ಅಂತಷ್ಟೇ ಅಂದು ಮುಂದೆ ಹೋಗುತ್ತಿದ್ದ. ಆ ಶರಣು ಬೈಗುಳಕ್ಕಿಂತ ಕಡೆಯಾಗಿತ್ತು. ಸಂತೆಯಲ್ಲಿ ಅವನ ಟವೆಲ್ಲು ಕಂಡರೆ ವಾಸುದೇವ ಇನ್ನೊಂದು ಸಂದಿಗೆ ತಿರುಗುತ್ತಿದ್ದ.

"ಈ ರಿಪೋರ್ಟ್ ನಿಮ್ಮದೇ ಹೌದಲ್ರಿ?" ಎಂದರು ತಹಶೀಲ್ದಾರರು. "ಹೌದು." "ಸಹಿ ಹಾಕ್ರಿ ಇಲ್ಲಿ." ಪೆನ್ನು ಕೈಗೆ ಬಂತು. ಬೆವರಿನ ಬೆರಳಿನಲ್ಲಿ ಅದು ಜಾರಿತು. "ಏ ಸಾಯಬಣ್ಣ, ನಿಂದೇನಾದ್ರೂ ಹೇಳೂದದನು?" ತಹಶೀಲ್ದಾರರು ಆ ಕಡೆ ತಿರುಗಿ ಕೇಳಿದರು. ಸಾಯಬಣ್ಣ ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡು, "ಇಲ್ರಿ ಸಾಹೇಬ್ರ. ಸರ್ ಓದಿದವ್ರು. ಅವ್ರು ಏನ್ ಬರದಾರೋ ಅದೇ" ಎಂದ. ಹಿಂದಿನಿಂದ ಹೀರಾಬಾಯಿ ಗಂಡನ ಬೆನ್ನಿಗೆ ತಿವಿದಳು. "ಡ್ರಮ್ಮಿಂದು ಹೇಳು. ಬಾಯಾಗ ಏನ್ ಇಟ್ಕೊಂಡೀ, ಡ್ರಮ್ಮಿಂದು ಹೇಳು." "ಸುಮ್ನಿರು ನೀ." "ಯಾಕ ಸುಮ್ನಿರ್ಲಿ? ಮನಿ ಮಠ ಹೊಂಟದ, ಸುಮ್ನಿರಬೇಕಂತ!" ತಹಶೀಲ್ದಾರರ ಕಿವಿ ನಿಮಿರಿತು. "ಯಾವ ಡ್ರಮ್ಮು?"

ಎಲ್ಲರೂ ಸಾಯಬಣ್ಣನನ್ನು ನೋಡಿದರು. ಅವನು ಬಾಯಿ ಬಿಡಲಿಲ್ಲ. ಬಿಟ್ಟವನು ವಾಸುದೇವ, ಮತ್ತು ಬಿಟ್ಟ ಕೂಡಲೇ ಹೊರಬಿದ್ದದ್ದು ತಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತಲ್ಲ. "ಚಿಂಚೋಳಿಯಿಂದ ಮೀನು ತರೂವಾಗ ಸ್ವಲ್ಪ ತಡ ಆತ್ರಿ. ಸುಲೇಪೇಟದಾಗ ಬಸ್ಸು ಕೆಟ್ಟಿತ್ತು. ಮೀನು ಡ್ರಮ್ಮಿನಾಗ ಭಾಳ ಹೊತ್ತು ಉಳದ್ವು. ಹಂಗಾಗಿ ಆ ಎಣಿಕಿ ಸರಿ ಇಲ್ಲದಿರಬಹುದು. ಈ ರಿಪೋರ್ಟು ಲೆಕ್ಕಕ್ಕ ಹಿಡೀಬ್ಯಾಡ್ರಿ." ಹೇಳುತ್ತ ಹೇಳುತ್ತ ಒಳಗೊಂದು ಸಮಾಧಾನವೂ ಆಯಿತು. ವರದಿ ಬಿದ್ದಂತೆಯೂ ಆಯಿತು, ತನ್ನ ಮರ್ಯಾದೆ ಉಳಿದಂತೆಯೂ ಆಯಿತು. ಬಸ್ಸು ಕೆಡುವುದೇನು ಹೊಸದೆ? "ಹೌದೇನೋ? ಬಸ್ಸು ಕೆಟ್ಟಿತ್ತೇನು?" ತಹಶೀಲ್ದಾರರು ಕೇಳಿದರು. ಸಾಯಬಣ್ಣ ತಲೆಯೆತ್ತಿ ವಾಸುದೇವನನ್ನು ಒಂದು ಗಳಿಗೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಹೌದ್ರಿ" ಅಂದ. "ಕೆಟ್ಟಿತ್ತು." ಹೀರಾಬಾಯಿ ಸೆರಗನ್ನು ಬಾಯಿಗೆ ಒತ್ತಿ ಆ ಕಡೆ ತಿರುಗಿದಳು.

ಸೇಠ ಕುರ್ಚಿಯಲ್ಲಿ ಮುಂದೆ ಬಾಗಿದ. ಅವನೇನು ಕೆಟ್ಟವನಂತೆ ಕಾಣುತ್ತಿರಲಿಲ್ಲ, ದುಂಡು ಮುಖ, ಮೆಲು ಮಾತು. "ಸಾಹೇಬ್ರ, ಒಂದು ಸವಾಲು ಕೇಳ್ಲಿ? ಡ್ರಮ್ಮು ಯಾರ ಕೈಯಾಗಿತ್ತು?" "ನನ್ನ ಕೈಯಾಗೇ ಇತ್ರಿ" ಎಂದ ಸಾಯಬಣ್ಣ. "ಹಗಲು ರಾತ್ರಿ?" "ಹೌದ್ರಿ. ನಾನೇ ಕುಂತಿದ್ದೆ." "ಅಷ್ಟೇ ನೋಡ್ರಿ. ಯಾರ ಮ್ಯಾಲೆ ಸಂಶಯ ಅದನೋ ಅವನ ಕೈಯಾಗ ಒಳ್ಳೆ ಮೀನು ಕೊಟ್ರ ಏನಾಗ್ತದ? ರಿಪೋರ್ಟು ನಿಲ್ಲಬಾರ್ದಂತ ತಾನೇ ಕೆಡಸ್ತಾನ. ಪ್ರೊಫೆಸರ್ ಭೋಳೆ ಮನುಷ್ಯ, ನಂಬ್ಯಾರ." ತಹಶೀಲ್ದಾರರು ಹುಬ್ಬು ಗಂಟಿಕ್ಕಿ ಗುಮಾಸ್ತನಿಗೆ ಹೇಳತೊಡಗಿದರು. "ಬರೀರಿ. ಹೋಲಿಕೆಗಾಗಿ ತಂದ ಮೀನುಗಳು ಅರ್ಜಿದಾರ ಸಾಯಬಣ್ಣನ ವಶದಲ್ಲಿದ್ದಾಗ ಕೆಟ್ಟಿರುತ್ತವೆ. ಇದನ್ನು ಅವನೇ ಒಪ್ಪಿರುತ್ತಾನೆ." ಗುಮಾಸ್ತ ಹೆಬ್ಬೆಟ್ಟಿನ ಮಸಿ ಡಬ್ಬಿಯ ಮುಚ್ಚಳ ತೆಗೆದ. ಸಾಯಬಣ್ಣ ಮುಂದೆ ಬಂದು ಎಡಗೈಯ ಹೆಬ್ಬೆಟ್ಟನ್ನು ಧೋತರಕ್ಕೆ ಒರೆಸಿಕೊಂಡ. ಒಂದೂವರೆ ದಿನ ನೀರು ತಿರುವಿದ ಕೈ ಅದು. ಮೀನು ಉಳಿಸಲು ಕುಳಿತವನು ಮೀನು ಕೆಡಿಸಿದವನಾಗಿ ಕಾಗದದ ಮೇಲೆ ಮೂಡುತ್ತಿದ್ದ, ಅದೂ ತನ್ನ ಬಾಯಿಂದಲೇ, ಮತ್ತೊಬ್ಬನ ಏಕಾದಶಿಯನ್ನು ಮುಚ್ಚಿಡಲು. ವಾಸುದೇವನಿಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ಬಿಸಿಲಿಗೋ ಉಪವಾಸಕ್ಕೋ ತಿಳಿಯಲಿಲ್ಲ, ಮೇಜಿನ ಅಂಚು ಹಿಡಿದುಕೊಂಡ.

"ಬರೀಬ್ಯಾಡ್ರಿ" ಎಂದ. "ಬಸ್ಸು ಕೆಟ್ಟಿದ್ದಿಲ್ಲ. ಸಂಜೀಗೇ ಊರು ಮುಟ್ಟಿದ್ವಿ. ಮರುದಿನ ಏಕಾದಶಿ ಇತ್ತು, ಏಕಾದಶಿಗೆ ನಾ ಮೀನಿಗೆ ಕೈ ಹಚ್ಚಂಗಿಲ್ಲ. ಇವತ್ತೇ ಮುಗಸ್ರಿ ಅಂತ ಇವ ಬಡಕೊಂಡ. ನಾ ಕೇಳಲಿಲ್ಲ. ಒಂದೂವರಿ ದಿನ ಅವು ಡ್ರಮ್ಮಿನಾಗ ಇದ್ದದ್ದು ನನ್ನ ಸಲುವಾಗಿ. ಇವ ಕೂತು ನೀರು ತಿರುವಿದ್ದಕ್ಕ ನಾಲ್ಕಾದ್ರೂ ಉಳದ್ವು." ಗುಮಾಸ್ತನಿಗೆ ತಡೆಯಲಾಗಲಿಲ್ಲ, ಪಕ್ಕನೆ ನಕ್ಕ. "ಮೀನಿಗೂ ಉಪವಾಸ ಹಾಕಿಸಿದ್ರೇನ್ರಿ ಆಚಾರ್ರ?" ಸೇಠ ನಕ್ಕ. ಬಿಸಿಲಿನಲ್ಲಿ ನಿಂತವರಲ್ಲೂ ಯಾರೋ ಇಬ್ಬರು ನಕ್ಕರು. ವಾಸುದೇವನ ಕಿವಿ ಸುಡತೊಡಗಿದವು. ಹದಿನಾಲ್ಕು ವರ್ಷ ಜೋಪಾನ ಮಾಡಿದ್ದು ಹೀಗೆ ಬೇವಿನ ಮರದ ಕೆಳಗೆ ನಗೆಯ ವಸ್ತುವಾಗಿ ಬಿತ್ತಲ್ಲ. ನಾಳೆ ಸ್ಟಾಫ್ ರೂಮಿಗೂ ಮುಟ್ಟುತ್ತದೆ, ಪ್ರಿನ್ಸಿಪಾಲರಿಗೂ ಮುಟ್ಟುತ್ತದೆ, ಹುಡುಗರು ಬೋರ್ಡಿನ ಮೇಲೆ ಮೀನಿಗೆ ನಾಮ ಹಚ್ಚಿ ಬರೆಯುತ್ತಾರೆ. ಅವನ ಕಣ್ಣಿಗೆ ನಗದೆ ಕಂಡವರು ಇಬ್ಬರೇ. ಸಾಯಬಣ್ಣ ಮಸಿ ಹತ್ತದ ಹೆಬ್ಬೆಟ್ಟು ಹಿಡಿದುಕೊಂಡೇ ನಿಂತಿದ್ದ. ಜಿಲಾನಿ ಸಾಹೇಬರು ಗುಮಾಸ್ತನನ್ನು ದುರುಗುಟ್ಟಿ ನೋಡಿದರು.

"ನಗೂದೇನದ ಇದರಾಗ? ನಾನೂ ರೋಜಾ ಇಡಾಂವ" ಎಂದರು. "ಆದ್ರ ಪ್ರೊಫೆಸರ್ ಸಾಹೇಬ್ರ, ರೋಜಾ ಅಂತ ನಾ ಕಚೇರಿ ಮುಚ್ಚಂಗಿಲ್ಲ. ಮುಚ್ಚಿದ್ರೂ ಅದನ್ನ ಕಾಗದದಾಗ ಬರದಿಡ್ತೀನಿ. ನೀವು ಬರೀಲಿಲ್ಲ." ವಾಸುದೇವ ತಲೆ ತಗ್ಗಿಸಿದ. "ಈಗ ಏನು? ನಾಳೆ ನನ್ನ ರಿಪೋರ್ಟು ಗುಲ್ಬರ್ಗಾಕ್ಕ ಹೋಗಬೇಕು. ಆಧಾರ ಇಲ್ಲಂದ್ರ ಪಟ್ಟಾ ನಿಲ್ಲಂಗಿಲ್ಲ." ಹೀರಾಬಾಯಿ ಸೆರಗು ಸರಿಸಿ ಮುಂದೆ ಬಂದಳು. "ನನ್ನ ಖಣಿ ಅಲ್ಲೇ ಅದಲ್ರಿ! ಅವೇ ಮರಿ, ಅದೇ ಮಳಿ ನೀರು, ರಾಡಿ ಒಂದು ಇಲ್ಲ. ಮದಲೇ ಹೇಳಿದ್ವಿ, ಯಾರು ಕೇಳಬೇಕು? ಈಗ ಹಿಡೀರಿ, ಈಗ ನೋಡ್ರಿ, ನಿಮ್ಮ ಕಣ್ಣೆದುರಿಗೇ ಆಗ್ಲಿ." "ಆಗ್ತದೇನ್ರಿ?" ಎಂದು ತಹಶೀಲ್ದಾರರು ವಾಸುದೇವನ ಚೀಲ ನೋಡಿದರು. ಗುಮಾಸ್ತ, ಈ ಸಲ ನಗದೆ, ಸಣ್ಣ ದನಿಯಲ್ಲಿ, "ಸಾಹೇಬ್ರ, ಇವತ್ತೂ ಏಕಾದಶಿ ಅದ್ರಿ" ಎಂದ.

ಸಾಯಬಣ್ಣ ಹತ್ತಿರ ಬಂದ. ಬೇರೆಯವರಿಗೆ ಕೇಳದ ಹಾಗೆ, "ಸರ್, ನಾ ಸಾಹೇಬ್ರ ಕಾಲು ಹಿಡೀತೀನಿ, ನಾಳಿಗಿ ಮಾಡಮ್ರಿ. ನಿಮ್ಮ ನೇಮ ಯಾಕ ಕೆಡಸ್ಕೋತೀರಿ" ಅಂದ. ಅಯ್ಯೋ ಪುಣ್ಯಾತ್ಮ, ನೀನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನಲ್ಲೋ! ಅಮ್ಮ ಇಷ್ಟು ಹೊತ್ತಿಗೆ ಜಪ ಮುಗಿಸಿ ಚಾಪೆಯ ಮೇಲೆ ಕಣ್ಣು ಮುಚ್ಚಿರುತ್ತಾರೆ, ಒಣಗಿದ ತುಟಿ, ಎಪ್ಪತ್ತರ ಮೈ. ಮೀನ ಮುಟ್ಟೂದಿಲ್ಲ ಅಂತ ಬೆಳಿಗ್ಗೆಯಷ್ಟೇ ಅಂದು ಬಂದಿದ್ದಾನೆ. ಅಪ್ಪನ ಎಂಟು ದಿನದ ಮೌನ ಈಗಲೂ ಆ ಮನೆಯ ಯಾವುದೋ ಮೂಲೆಯಲ್ಲಿ ಕೂತಿದೆ ಅನ್ನಿಸುತ್ತಿತ್ತು. ನಾಳೆ ಅನ್ನುವುದು ಎಷ್ಟು ಸಲೀಸು, ಹಿಂದಿನ ಸಲವೂ ನಾಳೆ ಅಂದದ್ದೇ ಅಲ್ಲವೆ. "ನಾಳೆ ಅನಬ್ಯಾಡ ಸಾಯಬಣ್ಣ" ಅಂದ. "ಬಲಿ ಹಾಕು."

ಮೊದಲು ದೊಡ್ಡ ಖಣಿ. ಬೂದು ನೀರಿನಿಂದ ಬಲೆ ಮೇಲೆ ಬಂದಾಗ ಆರು ಮೀನು ಸಿಕ್ಕವು, ಒದ್ದಾಡುವ ಕಸುವೂ ಇಲ್ಲದವು. ಚಳಿಗಾಲದ ಹುಣ್ಣು ಮಾಯ್ದ ಕಲೆ ಎರಡರ ಮೇಲಿತ್ತು. ವಾಸುದೇವ ಚೀಲದಿಂದ ಒಣ ಬಟ್ಟೆ ತೆಗೆದ. "ಬಟ್ಟಿ ಬ್ಯಾಡ್ರಿ" ಎಂದ ಸಾಯಬಣ್ಣ ನೀರಿನಲ್ಲೇ ನಿಂತು. "ಕೈ ತೊಯ್ಸ್ಕೋರಿ. ಒಣ ಕೈಯಿಗಿ ಲೋಳಿ ಕಿತ್ತು ಬರ್ತದ. ತೊಯ್ಸಿ ಹಗೂರ್ಕ ಹಿಡೀರಿ." ಎಂ.ಎಸ್ಸಿ. ಮಾಡಿದವನಿಗೆ ಹದಿನಾಲ್ಕು ವರ್ಷ ಯಾರೂ ಇದನ್ನು ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ಇವನು ಕೇಳಿರಲಿಲ್ಲ. ಪ್ಯಾಂಟು ಮಡಚಿ ನೀರಿಗಿಳಿದು ಮೊಣಕೈವರೆಗೆ ಕೈ ಅದ್ದಿದ. ಬೆಳಗಿನಿಂದ ನೀರು ಕಾಣದ ಮೈಗೆ ಆ ತಂಪು ಏರಿದಾಗ ಗಂಟಲು ತಾನಾಗಿ ನುಂಗುವ ಹಾಗೆ ಆಡಿತು. ಮೀನನ್ನು ಸಾಯಬಣ್ಣನ ಕೈಯಿಂದ ತನ್ನ ಕೈಗೆ ತೆಗೆದುಕೊಂಡ. ಅದರ ಕಿವಿರು ಇವನ ಹೆಬ್ಬೆರಳಿನ ಕೆಳಗೆ ಬಡಬಡನೆ ಬಡಿಯುತ್ತಿತ್ತು. ಬಾಲದ ಬುಡಕ್ಕೆ ಸೂಜಿ ಇಳಿಸಿ ಎಳೆದ, ಗಾಜಿನ ಮೇಲೆ ಹನಿ ಬಿಟ್ಟು ಸವರಿದ, ಮೀನನ್ನು ಮತ್ತೆ ನೀರಿಗೆ ಕೊಟ್ಟ. ಒಂದೊಂದಕ್ಕೂ ಒಂದು ನಿಮಿಷ ಹಿಡಿಯಲಿಲ್ಲ. ಆಮೇಲೆ ಎಲ್ಲರೂ, ಕುರ್ಚಿ ಬಿಟ್ಟೆದ್ದ ಸೇಠನೂ ಸೇರಿ, ಹೀರಾಬಾಯಿಯ ಖಣಿಗೆ ನಡೆದರು. ಅಲ್ಲಿ ನೀರು ಹಸಿರಾಗಿತ್ತು, ಬಲೆಯಲ್ಲಿ ಮೀನು ಹಾರಿ ಹಾರಿ ಬೀಳುತ್ತಿದ್ದವು, ಹಿಡಿಯುವಷ್ಟರಲ್ಲಿ ಸಾಕುಬೇಕಾಯಿತು.

ಹನ್ನೆರಡು ಗಾಜಿನ ಪಟ್ಟಿ ಮೇಜಿನ ಮೇಲೆ ಎರಡು ಸಾಲಾಗಿ ಒಣಗಿದವು. ಬಿಳಿ ಕಣ ಬರಿಗಣ್ಣಿಗೆ ಎಲ್ಲಿ ಕಾಣಬೇಕು, ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಆದರೆ ಒಂದು ಸಾಲಿನ ರಕ್ತ ಗಟ್ಟಿ ಕೆಂಪು, ಇನ್ನೊಂದು ಸಾಲು ಕುಂಕುಮ ಕದಡಿದ ನೀರಿನ ಹಾಗೆ ತೆಳ್ಳಗೆ. ಯಾರೂ ತೋರಿಸಿ ಹೇಳುವ ಅಗತ್ಯವಿರಲಿಲ್ಲ, ಆದರೂ ಹೀರಾಬಾಯಿ ಹೇಳಿದಳು, "ಇದು ನಂದು, ಅದು ರಾಡೀದು." ತಹಶೀಲ್ದಾರರು ಬಾಗಿ ಬಹಳ ಹೊತ್ತು ನೋಡಿದರು. ಪಟ್ಟಿಗಳನ್ನು ಡಬ್ಬಿಯಲ್ಲಿಡಿಸಿ ದಾರ ಸುತ್ತಿ ಅರಗಿನ ಮುದ್ರೆ ಹಾಕಿಸಿದರು. "ಎಣಿಸೂದು ಗುಲ್ಬರ್ಗಾದಾಗ. ಬ್ಯಾರೇದವ್ರು ಎಣಸ್ಲಿ, ನೀವಲ್ಲ" ಅಂದರು ವಾಸುದೇವನಿಗೆ. ಅವನು ಹೂಂ ಅಂದ. "ಎಣಿಕಿ ಬರೂತನಕ ಪಟ್ಟಾಕ್ಕ ಯಾರೂ ಕೈ ಹಚ್ಚಬಾರ್ದು. ಸೇಠ್, ನಿಮ್ಮ ಗಟಾರ ಇವತ್ತೇ ಬಂದ್ ಆಗಬೇಕು." ಸೇಠನ ಆಳುಗಳೇ ಎರಡು ದಪ್ಪ ಫರಸಿ ತಂದು ಗಟಾರದ ಬಾಯಿಗೆ ನಿಲ್ಲಿಸಿದರು. ವಾಸುದೇವ ಹಳೆಯ ವರದಿಯ ಕೆಳಗೆ 'ಇದು ತಪ್ಪು, ಕಾರಣ ನಾನು' ಎಂದು ಬರೆದು, ಏಕಾದಶಿ ಎಂಬುದನ್ನೂ ಬರೆದು, ಸಹಿ ಹಾಕಿದ. ಹೊರಡುವಾಗ ಸಾಯಬಣ್ಣ ಎಂದಿನಂತೆ "ಶರಣ್ರಿ ಸರ್" ಎಂದ. "ಶರಣು" ಎಂದು ಇವನೂ ಅಂದ, ಅವನ ಮುಖ ನೋಡಿಯೇ ಅಂದ.

ಮನೆಗೆ ಬಂದಾಗ ನಾಲ್ಕೂವರೆ. ಮುಂಬಾಗಿಲಿಗೆ ಹೋಗದೆ ಗೋಡೆಯ ಪಕ್ಕದಿಂದ ಹಿತ್ತಲಿಗೆ ಬಂದು ನಿಂತ. ಹಿತ್ತಲ ಬಾಗಿಲಿಗೆ ಬಂದನೆಂದರೆ ಅಮ್ಮನಿಗೆ ಬೇರೆ ಹೇಳಬೇಕಾದ್ದಿಲ್ಲ. ಲೀಲಾಬಾಯಿ ಬಾಗಿಲು ತೆಗೆದು, ತೋಳಿನ ಮೇಲಿನ ಒಣಗಿದ ಕೆಂಪು ಕಲೆ ನೋಡಿದರು, ಮಗನ ಮುಖ ನೋಡಿದರು. ಕೊಡ ತಂದಿಟ್ಟು ತಂಬಿಗೆ ಮುಳುಗಿಸಿದರು. ಅವನು ಒಗೆಯುವ ಕಲ್ಲಿನ ಪಕ್ಕ ಕುಳಿತ. "ಇವತ್ತು" ಎಂದರು ಅವರು. "ಇವತ್ತೇ ಅಮ್ಮ. ಬೆಳಿಗ್ಗೆ ಇಲ್ಲಂದು ಹೋಗಿದ್ದೆ." ಮೊದಲ ತಂಬಿಗೆ ತಲೆಯ ಮೇಲೆ ಬಿತ್ತು. ಕೆಳತುಟಿಗೆ ಇಳಿದ ನೀರನ್ನು ಅವನು ಉಗುಳಿದ. ಎರಡನೆಯದು ಬಿತ್ತು. ಬೈಯಲಿ, ಅಳಲಿ, ಅಪ್ಪನ ಹೆಸರಾದರೂ ಎತ್ತಲಿ ಎಂದು ಕಾದ. ಮೂರನೆಯದಕ್ಕೆ ಅವರ ಕೈ ತಡೆಯಿತು. "ಮೀನ ಸತ್ತವೇನು?" "ಇಲ್ಲ. ಹನ್ನೆರಡೂ ತಿರುಗಿ ನೀರಿಗೆ ಹೋದವು." "ಮತ್ತ ಅವು? ಚಿಂಚೋಳಿಯಿಂದ ತಂದಿದ್ದಿಯಲ್ಲ, ನಾಳೆ ಏಕಾದಶಿ ಅಂತ ನಾ ನೆನಪು ಮಾಡಿದ ದಿನ?" ವಾಸುದೇವನಿಗೆ ತಲೆಯೆತ್ತಲಾಗಲಿಲ್ಲ. "ಆರೂ ಸತ್ತವು."

ಲೀಲಾಬಾಯಿ ತಂಬಿಗೆ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತರು. ಒಳಗೆ ಗಡಿಯಾರ ಅರ್ಧ ಗಂಟೆಯ ಒಂದು ಹೊಡೆತ ಹೊಡೆದು ಸುಮ್ಮನಾಯಿತು, ಅದು ಯಾವಾಗಲೂ ಐದು ನಿಮಿಷ ಹಿಂದೆ. ತಮಗೇ ಹೇಳಿಕೊಂಡಂತೆ, "ಆರು" ಎಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನ ಮ್ಯಾಲೆ ತಿಥಿ ನಾ ಹೇಳಂಗಿಲ್ಲ ವಾಸು. ಪಂಚಾಂಗ ಗೂಟಕ್ಕ ತೂಗಹಾಕೇನಿ, ನೀನೇ ನೋಡ್ಕೋ" ಅಂದರು. "ನೀರು ಹಾಕಮ್ಮ" ಎಂದ ಅವನು. ಅವರು ಎದ್ದು ತಂಬಿಗೆ ತುಂಬಿ ಹಾಕಿದರು.